ನೋಡಬಹುದು, ಮುಟ್ಟೋ ಹಾಗಿಲ್ಲ

ಹೋದ ವರ್ಷ ಜುಲೈನಲ್ಲಿ ನಮ್ಮೂರ ಲೈಬ್ರರಿಗೆ ಹೊಸ ಪುಸ್ತಕ ಬಂದವು. ಎದುರಿನ ಬೇಕರಿಯ ಬೋರ್ಡು ಕಾಣದಷ್ಟು ಮಳೆ ಹೊಯ್ಯುತ್ತಿತ್ತು. ಗೂಡ್ಸ್ ಆಟೋದಿಂದ ನೀಲಿ ಟಾರ್ಪಾಲು ಸುತ್ತಿದ ನಾಲ್ಕು ಕಟ್ಟು ಇಳಿದವು. ಕಥೆ, ಕಾದಂಬರಿ ಒಂದೂ ಇಲ್ಲ, ಎಲ್ಲ ವಿಷಯದ ಪುಸ್ತಕಗಳಂತೆ ಎಂದು ಬೇಕರಿಯಲ್ಲೇ ಸುದ್ದಿ ಆಯಿತು. ಮರುದಿನ ಬೆಳಿಗ್ಗೆ ಕೊಡೆ ಹಿಡಿದು ಹೋದೆ.

ಪುಸ್ತಕಗಳು ಬೀರುವಿನಲ್ಲಿದ್ದವು. ಬೀರುವಿಗೆ ಗಾಜಿನ ಬಾಗಿಲು. ಬಾಗಿಲಿಗೆ ಬೀಗ.

"ನೋಡಬಹುದಾ ಮೇಡಂ?"

"ನೋಡಿ ಸಾರ್, ಅದಕ್ಕೇ ಅಲ್ವಾ ಗಾಜು ಇರೋದು."

"ಮನೆಗೆ ತಗೊಂಡು ಹೋಗ್ಲಾ?"

"ನೋಡಬಹುದು, ಮುಟ್ಟೋ ಹಾಗಿಲ್ಲ. ಇನ್ನೂ ರಿಜಿಸ್ಟರ್‌ಗೆ ಹತ್ತಿಲ್ಲ."

ಪುಸ್ತಕ ರಿಜಿಸ್ಟರ್‌ಗೆ ಹತ್ತುವುದು ಅಂದರೆ ಹೆಣ್ಣು ಮನೆ ತುಂಬಿದ ಹಾಗೆ, ಶಾಸ್ತ್ರ ಒಂದೂ ತಪ್ಪುವಂತಿಲ್ಲ. ಮೊದಲು ಪಟ್ಟಿಗೂ ಪುಸ್ತಕಕ್ಕೂ ತಾಳೆ ಆಗಬೇಕು. ಆಮೇಲೆ ನಂಬರು. ಆಮೇಲೆ ಸೀಲು. ಒಂದು ಸೀಲು ಮೊದಲ ಪುಟಕ್ಕೆ, ಒಂದು ಕೊನೆಯ ಪುಟಕ್ಕೆ, ಇನ್ನೊಂದು ನಡುವಿನ ಯಾವುದೋ ಗುಟ್ಟಿನ ಪುಟಕ್ಕೆ. ಸೀಲು ಇತ್ತು, ಆದರೆ ಇಂಕ್ ಪ್ಯಾಡ್ ಒಣಗಿತ್ತು. ಕೊಡಗಿನಲ್ಲಿ ಜುಲೈ ತಿಂಗಳಲ್ಲಿ ಬನಿಯನ್ ಒಣಗುವುದಿಲ್ಲ, ಸೌದೆ ಒಣಗುವುದಿಲ್ಲ, ಸರಕಾರಿ ಇಂಕ್ ಪ್ಯಾಡ್ ಮಾತ್ರ ಒಣಗುತ್ತದೆ.

ಮೇಡಂ ಮೇಲೆ ನನಗೆ ಸಿಟ್ಟಿಲ್ಲ. ಬಾಗಿಲು ತೆಗೆಯುವುದು, ಗುಡಿಸುವುದು, ಸೋರುವ ಕಡೆ ಬಕೆಟ್ ಇಡುವುದು, ಪೇಪರ್ ಜೋಡಿಸುವುದು ಎಲ್ಲ ಅವರೊಬ್ಬರೇ. "ಒಂದು ಪುಸ್ತಕ ಕಳೆದರೂ ನನ್ನ ಸಂಬಳದಲ್ಲಿ ಹಿಡೀತಾರೆ ಸಾರ್" ಅಂದರು. ಯೋಚಿಸಿದೆ. ಕಳೆದ ಪುಸ್ತಕಕ್ಕೆ ಸಂಬಳದಲ್ಲಿ ಹಿಡಿಯುತ್ತಾರೆ. ಯಾರೂ ಓದದ ಪುಸ್ತಕಕ್ಕೆ ಯಾರಿಂದಲೂ ಏನನ್ನೂ ಹಿಡಿಯುವುದಿಲ್ಲ. ಅವರ ಜಾಗದಲ್ಲಿ ನಾನಿದ್ದರೆ ಬೀಗ ಎರಡು ಹಾಕುತ್ತಿದ್ದೆ.

ಸರಿ, ಮುಟ್ಟದೆ ನೋಡೋಣ ಎಂದು ಗಾಜಿಗೆ ಮೂಗು ಒತ್ತಿ ನಿಂತೆ. ಒಣ ಬೇಸಾಯದ ಮೇಲೆ ಒಂದು ಪುಸ್ತಕ, ಮೂರು ಪ್ರತಿ. ಬೋರ್‌ವೆಲ್‌ಗೆ ನೀರು ಇಂಗಿಸುವುದರ ಮೇಲೆ ಒಂದು, ಅದೂ ಮೂರು ಪ್ರತಿ. ಸಮಯ ಉಳಿಸುವುದು ಹೇಗೆ ಎಂಬುದರ ಮೇಲೆ ಐದು. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಂತೂ ರಾಶಿ. ಅದರಲ್ಲಿ ಪ್ರಚಲಿತ ವಿದ್ಯಮಾನದ್ದು ಮೂರು ವರ್ಷ ಹಳೆಯದು, ಅಂದರೆ ಈಗ ಇತಿಹಾಸದ ಸಾಲಿನಲ್ಲಿ ಇಡಬಹುದು. ಮಕ್ಕಳಿಗೆ ಪ್ರಾಣಿಗಳ ಬಗ್ಗೆ ಒಂದು ಬಣ್ಣದ ಪುಸ್ತಕ ಇತ್ತು. ರಟ್ಟಿನ ಮೇಲೇ ಆನೆಯ ಚಿತ್ರ, ಕೆಳಗೆ "ಆನೆ ಕಾಡಿನಲ್ಲಿ ವಾಸಿಸುತ್ತದೆ". ನಮ್ಮ ಆನೆ ಹಲಸಿನ ಕಾಲದಲ್ಲಿ ತೋಟದಲ್ಲೇ ಠಿಕಾಣಿ ಹೂಡಿ, ಕೆರೆಯಲ್ಲಿ ನೀರು ಕುಡಿದು, ಬೇಲಿ ಮುರಿದು ಪಕ್ಕದ ತೋಟಕ್ಕೆ ಹೋಗುತ್ತದೆ. ಕಥೆ ಪುಸ್ತಕ ಒಂದೂ ಬಂದಿಲ್ಲ ಅಂದವರು ಯಾರು?

ಕಾಫಿಯ ಮೇಲೆ ಒಂದೂ ಇರಲಿಲ್ಲ. 1876ರಲ್ಲಿ ಡ್ಯೂಯಿ ಎಂಬ ಅಮೆರಿಕದವನು ಪುಸ್ತಕಗಳಿಗೆ ನಂಬರು ಕೊಡುವ ಪದ್ಧತಿ ಮಾಡಿದ. ಅದರಲ್ಲಿ ಕಾಫಿ ಬೆಳೆಗೆ 633.73 ಅಂತ ಜಾಗ ಇದೆ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆಯಲ್ಲಿ ಆ ಜಾಗ ಖಾಲಿ. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ಇದೆ, ಅಪ್ಪಂಗಳದಲ್ಲಿ ಏಲಕ್ಕಿ ಸಂಶೋಧನೆ ನಡೆಯುತ್ತದೆ. ಆದರೆ ಪುಸ್ತಕ ಅಲ್ಲಿಂದ ಬರುವ ಹಾಗಿಲ್ಲ. ಅದು ಬೆಂಗಳೂರಿನಲ್ಲಿ ಆಯ್ಕೆಯಾಗಿ, ನೂರಾರು ಪ್ರತಿ ಸಗಟಾಗಿ ಖರೀದಿಯಾಗಿ, ಬಳ್ಳಾರಿಗೂ ಭಾಗಮಂಡಲಕ್ಕೂ ಒಂದೇ ಅಳತೆಯ ಅಂಗಿ ಹೊಲಿಸಿದ ಹಾಗೆ ಬರಬೇಕು.

ಈ ಖರೀದಿಯಲ್ಲಿ ದರ ಪುಟದ ಲೆಕ್ಕ. ಎಷ್ಟು ಪುಟವೋ ಅಷ್ಟು ದುಡ್ಡು. ನಮ್ಮಲ್ಲಿ ಕಾಫಿ ವ್ಯಾಪಾರಿ ಕೂಡ ಇಷ್ಟು ಧಾರಾಳಿ ಅಲ್ಲ. ಚೆರ್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣಿನ, ಚೀಲ ತಂದಿಟ್ಟರೆ ಅವನು ಒಂದು ಹಿಡಿ ತೆಗೆದು, ಸಿಪ್ಪೆ ಬಿಡಿಸಿ, ಬೀಜ ತೂಗಿ, ತೇವ ನೋಡಿ ಆಮೇಲೆ ಬಾಯಿ ಬಿಡುತ್ತಾನೆ. 50 ಕೆ.ಜಿ. ಚೀಲದಲ್ಲಿ 28 ಕೆ.ಜಿ. ಬೀಜ ಬಂದರೆ ಓ.ಟಿ., ಅಂದರೆ ಔಟ್‌ಟರ್ನ್, 28. ದುಡ್ಡು ಅದಕ್ಕೆ, ಸಿಪ್ಪೆಗಲ್ಲ. ಪುಸ್ತಕಕ್ಕೂ ಒಂದು ಓ.ಟಿ. ನೋಡುವವರು ಬೇಕಿತ್ತು. ಮುನ್ನುಡಿ, ಬೆನ್ನುಡಿ, ಶುಭಾಶಯ, ಅರ್ಪಣೆ, ಲೇಖಕರು ಸನ್ಮಾನ ಸ್ವೀಕರಿಸುವ ಫೋಟೊ, ಬಸ್ಸಿನ ಬೋರ್ಡಿನಷ್ಟು ದಪ್ಪ ಅಕ್ಷರ ಎಲ್ಲ ಸುಲಿದರೆ ಕೆಲವು ಪುಸ್ತಕದಲ್ಲಿ ಬೀಜವೇ ಇರುವುದಿಲ್ಲ, ಬರೀ ಜೊಳ್ಳು.

ಇದಕ್ಕೆಲ್ಲ ದುಡ್ಡು ಯಾರದ್ದು ಅಂತೀರಿ? 1965ರ ಗ್ರಂಥಾಲಯ ಕಾಯ್ದೆ ಇದೆ. ಆಸ್ತಿ ತೆರಿಗೆಯ ಮೇಲೆ ಶೇ 6 ಗ್ರಂಥಾಲಯ ಕರ ಇದೆ. ರಸೀದಿಯಲ್ಲಿ ಆ ಸಾಲು ನೋಡಿದಾಗೆಲ್ಲ ನನಗೆ ಒಣ ಬೇಸಾಯದ ಪುಸ್ತಕದ ಒಂದೆರಡು ಪುಟ ನನ್ನದೇ ಅನ್ನಿಸುತ್ತದೆ.

ಆಗಸ್ಟ್‌ನಲ್ಲಿ ರಿಜಿಸ್ಟರ್ ಮುಗಿಯಿತು. ಇಂಕ್ ಪ್ಯಾಡೂ ಬಂತು. ಬೀಗ ಮಾತ್ರ ತೆರೆಯಲಿಲ್ಲ. ಯಾಕೆಂದರೆ ಹೊಸ ಪುಸ್ತಕಗಳ ಉದ್ಘಾಟನೆ ಆಗಬೇಕಂತೆ! ಸೇತುವೆ ಉದ್ಘಾಟನೆ ಕೇಳಿದ್ದೇವೆ, ಬಸ್ ಸ್ಟ್ಯಾಂಡ್ ಉದ್ಘಾಟನೆ ಕೇಳಿದ್ದೇವೆ. ಬೀರುವಿನ ಬಾಗಿಲಿಗೆ ಟೇಪ್ ಕಟ್ಟಿ ಕತ್ತರಿ ಕಾಯುವುದನ್ನು ನಾನು ನೋಡಿದ್ದು ಅದೇ ಮೊದಲು. ದೊಡ್ಡವರ ದಿನಾಂಕ ಸಿಗಬೇಕು. ಕೊಡಗಿನಲ್ಲಿ ದಿನಾಂಕ ಸಿಗುವುದು ಅಂದರೆ ಸುಮ್ನೆ ಅಲ್ಲ. ಸೆಪ್ಟೆಂಬರಿನಲ್ಲಿ ಆಯುಧ ಪೂಜಿಸುವ ಹಬ್ಬ ಕೈಲ್ ಮುಹೂರ್ತ. ಆಮೇಲೆ ಮಡಿಕೇರಿ ದಸರಾ. ಅಕ್ಟೋಬರಿನಲ್ಲಿ ತಲಕಾವೇರಿ ತೀರ್ಥೋದ್ಭವ. ಅದಾದ ಮೇಲೆ ಹುತ್ತರಿ. ಅಷ್ಟರಲ್ಲಿ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೊಬಸ್ಟಾ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಂತಾ ಇಲ್ಲವಾ ಎಂದು ಎಲ್ಲರೂ ಆಕಾಶ ನೋಡುತ್ತಿರುತ್ತಾರೆ, ಭಾಷಣ ಯಾರು ಕೇಳುತ್ತಾರೆ? ಏಪ್ರಿಲ್ ಬಂದರೆ ಹಾಕಿ. 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ಬಿಟ್ಟು ಬೀರು ತೆರೆಯಲು ಬರುವ ಗಣ್ಯರನ್ನು ನಾನಂತೂ ಗಣ್ಯರೆಂದು ಒಪ್ಪುವುದಿಲ್ಲ.

ಕಾಯುವ ಹೊತ್ತಿನಲ್ಲಿ ಒಂದು ದಿನ ಸಲಹಾ ಪುಸ್ತಕ ಬಿಡಿಸಿದೆ. ಬೀಗ ಇಲ್ಲದ ಪುಸ್ತಕ ಅದೊಂದೇ, ದಾರದಲ್ಲಿ ಮೇಜಿಗೆ ಕಟ್ಟಿದ್ದರು. ಒಂದು ಪುಟದಲ್ಲಿ ಯಾರೋ ನೀಲಿ ಶಾಯಿಯಲ್ಲಿ ಬರೆದಿದ್ದರು: "ಕರಿಮೆಣಸಿನ ಸೊರಗು ರೋಗದ ಬಗ್ಗೆ ಪುಸ್ತಕ ತರಿಸಿ." ನಾಲ್ಕು ಪುಟ ಬಿಟ್ಟು ಅದೇ ಕೈಬರಹ: "ಸೊರಗು ರೋಗದ ಪುಸ್ತಕ, ದಯವಿಟ್ಟು ಬೇಗ." ಇನ್ನೂ ಮುಂದೆ, ಅದೇ ಕೈಬರಹ: "ಬಳ್ಳಿ ಎಲ್ಲ ಹೋಯಿತು. ಇನ್ನು ಪುಸ್ತಕ ಬೇಡ." ಅದರ ಕೆಳಗೆ ಹಸಿರು ಶಾಯಿಯಲ್ಲಿ ಯಾರದೋ ಸಹಿ, "ಗಮನಿಸಲಾಗಿದೆ" ಎಂದು.

ಗೋಡೆಯ ಮೇಲೆ ಎಸ್.ಆರ್. ರಂಗನಾಥನ್ ಅವರ ಫೋಟೊ ಇತ್ತು. ಆಗಸ್ಟ್ 12ರಂದು, ಅವರು ಹುಟ್ಟಿದ ದಿನ, ಹಾಕಿದ ಹಾರ ಒಣಗಿ ನೇತಾಡುತ್ತಿತ್ತು. 1931ರಲ್ಲಿ ಲೈಬ್ರರಿಗೆ ಐದು ಸೂತ್ರ ಬರೆದ ಪುಣ್ಯಾತ್ಮ. ಮೊದಲನೆಯದೇ, ಪುಸ್ತಕ ಇರುವುದು ಬಳಸುವುದಕ್ಕೆ ಅಂತ. ಹಿಂದೆ ಯುರೋಪಿನಲ್ಲಿ ಕಳ್ಳರ ಭಯಕ್ಕೆ ಪುಸ್ತಕಗಳನ್ನು ಸರಪಳಿಯಲ್ಲಿ ಬಿಗಿಯುತ್ತಿದ್ದರು. ನಾವು ಮುಂದುವರಿದಿದ್ದೇವೆ. ಸರಪಳಿಯಲ್ಲಾದರೆ ಪಕ್ಕದಲ್ಲಿ ನಿಂತು ಓದಬಹುದಿತ್ತು. ಹಾಗಂತ ಐದೂ ಸೂತ್ರ ಮುರಿದಿದ್ದೇವೆ ಅನ್ನಬೇಡಿ. ಲೈಬ್ರರಿ ಬೆಳೆಯುವ ಜೀವಿ ಅನ್ನುವ ಐದನೆಯದನ್ನು ಕೊಡಗಿನಲ್ಲಿ ಅಕ್ಷರಶಃ ಪಾಲಿಸುತ್ತೇವೆ. ಬೀರುವಿನ ಕೆಳಗಿನ ಸಾಲಿನಲ್ಲಿ, ಸಮಯ ಉಳಿಸುವ ಐದು ಪುಸ್ತಕಗಳ ಬೆನ್ನ ಮೇಲೆ ಬೂಷ್ಟು ಚೆನ್ನಾಗಿ ಬೆಳೆದಿತ್ತು. ಮೊದಲು ಬಿಳಿ, ಆಮೇಲೆ ಹಸಿರು.

ಈ ವರ್ಷ ಜೂನ್‌ನಲ್ಲಿ ಕೊನೆಗೂ ದಿನಾಂಕ ಸಿಕ್ಕಿತು. ದೊಡ್ಡವರು ಬಂದರು, ಟೇಪ್ ಕತ್ತರಿಸಿದರು, ಕೈಗೆ ಸಿಕ್ಕಿದ ಪುಸ್ತಕವೊಂದನ್ನು ಎದೆಗೆ ಹಿಡಿದು ಫೋಟೊಕ್ಕೆ ನಿಂತರು. ಪುಸ್ತಕ ತಲೆಕೆಳಗಾಗಿತ್ತು. "ಇಂದಿನ ಯುವಜನರಲ್ಲಿ ಓದುವ ಹವ್ಯಾಸ ಕಡಿಮೆಯಾಗುತ್ತಿದೆ" ಎಂದು ಇಪ್ಪತ್ತು ನಿಮಿಷ ಬೇಸರ ಪಟ್ಟರು. ಕಾಫಿ, ಖಾರಾಬೂಂದಿ ಆಯಿತು.

ಜನ ಹೋದ ಮೇಲೆ ನಾನು ಬೀರುವಿನ ಹತ್ತಿರ ಹೋದೆ. ಗೈಡುಗಳನ್ನು ಹುಡುಗರು ಆಗಲೇ ಎತ್ತಿದ್ದರು. ಒಂದು ವರ್ಷ ಕಾದವನು ಬರಿಗೈಯಲ್ಲಿ ಹೋಗುವುದು ಹೇಗೆ? ಒಣ ಬೇಸಾಯದ್ದನ್ನೇ ತೆಗೆದುಕೊಂಡೆ. ಮೇಡಂ ಹದಿನೈದು ದಿನದ ತಾರೀಖು ಹಾಕಿ ಸೀಲು ಒತ್ತಿದರು. ಹೊರಗೆ ಮಳೆ ಶುರುವಾಗಿತ್ತು, ಬೇಕರಿಯ ಬೋರ್ಡು ಮತ್ತೆ ಕಾಣುತ್ತಿರಲಿಲ್ಲ. ಪುಸ್ತಕವನ್ನು ಅಂಗಿಯೊಳಗೆ ತುರುಕಿ ಕೊಡೆ ಬಿಡಿಸಿದೆ.

"ನೆನೆಸಬೇಡಿ ಸಾರ್" ಎಂದು ಮೇಡಂ ಹಿಂದಿನಿಂದ ಕೂಗಿದರು. "ಒಣ ಬೇಸಾಯದ್ದು ಅದು."