ನಾಲ್ಕು ಬೈ, ಒಂದು ಕಪ್

ಬೆಂಗಳೂರಿನಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟ್ ನಡೆಸಲು ಮೊದಲು ಬೇಕಾದದ್ದು ಬಾಲ್ ಅಲ್ಲ, ಅಣ್ಣ. ಅಣ್ಣ ಅಂದರೆ ಮಾಜಿ ಕಾರ್ಪೊರೇಟರ್, ಇಲ್ಲವೇ ಮುಂದಿನ ಕಾರ್ಪೊರೇಟರ್. ಹಾಲಿ ಕಾರ್ಪೊರೇಟರ್ ಎಂಬ ತಳಿ 2020ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಕೌನ್ಸಿಲ್ಲಿನ ಅವಧಿ ಮುಗಿದಾಗಲೇ ನಶಿಸಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. 2025ರಲ್ಲಿ ಪಾಲಿಕೆಯನ್ನು ಐದು ಹೋಳು ಮಾಡಿದ ಮೇಲೆ ಆಕಾಂಕ್ಷಿಗಳು ಹೆಚ್ಚಾದರೇ ಹೊರತು ಮೈದಾನಗಳು ಹೆಚ್ಚಾಗಲಿಲ್ಲ. ಹಾಗಾಗಿ ಒಂದೇ ಮೈದಾನದಲ್ಲಿ ಒಂದೇ ಭಾನುವಾರ ಇಬ್ಬರು ಅಣ್ಣಂದಿರ ಕಪ್ ನಡೆಯುವುದೂ ಉಂಟು. ಒಬ್ಬರ ಮ್ಯಾಚಿನ ಲಾಂಗ್ ಆನ್ ಫೀಲ್ಡರ್ ಇನ್ನೊಬ್ಬರ ಮ್ಯಾಚಿನ ಪಾಯಿಂಟ್ ಪಕ್ಕದಲ್ಲಿ ನಿಂತಿರುತ್ತಾನೆ. ಯಾರ ಕ್ಯಾಚ್ ಯಾರು ಹಿಡಿದರು ಎಂಬುದು ಮೈಕಿನಲ್ಲಿ ತೀರ್ಮಾನವಾಗುತ್ತದೆ.

ಎರಡನೆಯದು ಫ್ಲೆಕ್ಸ್. 2018ರಲ್ಲಿ ಹೈಕೋರ್ಟ್ ಗದರಿದ ಮೇಲೆ ನಗರದಲ್ಲಿ ಫ್ಲೆಕ್ಸ್ ನಿಷೇಧವಾಯಿತು; ಆದ್ದರಿಂದ ಅದನ್ನು ಶುಕ್ರವಾರ ರಾತ್ರಿ ಹನ್ನೊಂದರ ಮೇಲೆ ಕಟ್ಟತಕ್ಕದ್ದು. ಅಣ್ಣನ ಮುಖ ಎಂಟು ಅಡಿ, ಹುಡುಗರದ್ದು ಪಾಸ್‌ಪೋರ್ಟ್ ಸೈಜು. ಮೂಲೆಯಲ್ಲಿ ಬ್ಯಾಟ್ ಬೀಸುತ್ತಿರುವ ಒಬ್ಬ ಹೆಸರಾಂತ ಎಡಗೈ ಆಟಗಾರ ಇಲ್ಲಿ ಬಲಗೈ ಆಗಿರುತ್ತಾನೆ, ಯಾಕೆಂದರೆ ಅವನು ಅಣ್ಣನ ಕಡೆ ಬೆನ್ನು ಹಾಕಿದ್ದ, ಡಿಸೈನರ್ ತಿರುಗಿಸಿದ. ಜಾಗ ಉಳಿದರೆ ದಿನಾಂಕವನ್ನೂ ಹಾಕಬಹುದು.

ಡ್ರಾ, ಅಂದರೆ ಯಾರ ಎದುರು ಯಾರು ಆಡಬೇಕೆಂಬ ಪಟ್ಟಿ, ಎಂಬುದೊಂದಿದೆ. ಗೊತ್ತಿರುವವರಿಗೆ ಅರ್ಧ ಗಂಟೆಯ ಕೆಲಸ. ನಾಕೌಟ್‌ನಲ್ಲಿ ಪ್ರತಿ ಪಂದ್ಯಕ್ಕೆ ಒಂದು ತಂಡ ಮನೆಗೆ ಹೋಗುತ್ತದೆ, ಕೊನೆಗೆ ಒಂದು ಉಳಿಯುತ್ತದೆ. ಹಾಗಾಗಿ 32 ತಂಡವಾದರೆ 31 ಪಂದ್ಯ, ಬೇರೆ ಲೆಕ್ಕವೇ ಬೇಡ. ತಂಡಗಳು 8, 16, 32, 64 ಹೀಗೆ ದುಪ್ಪಟ್ಟಾಗುವ ಸಂಖ್ಯೆಗೆ ಸರಿಯಾಗಿ ಸಿಗದಿದ್ದರೆ, ಅದರ ಮುಂದಿನ ಸಂಖ್ಯೆಗೆ ಎಷ್ಟು ಕಮ್ಮಿಯೋ ಅಷ್ಟು ತಂಡಗಳಿಗೆ ಮೊದಲ ಸುತ್ತಿನಲ್ಲೇ ಬೈ, ಅಂದರೆ ಆಡದೆಯೇ ಮುಂದಿನ ಸುತ್ತಿಗೆ ಹೋಗುವ ಅವಕಾಶ, ಕೊಟ್ಟು ಕೈತೊಳೆದುಕೊಳ್ಳಬೇಕು. ಆಮೇಲೆ ಫೈನಲ್‌ವರೆಗೆ ಬೈ ಎಂಬ ಮಾತೇ ಏಳುವುದಿಲ್ಲ. ಹೋದ ವರ್ಷದ ವಿನ್ನರ್ ಪಟ್ಟಿಯ ಈ ತುದಿಗೆ, ರನ್ನರ್ ಆ ತುದಿಗೆ. ಒಂದೇ ಬೀದಿಯ ಎರಡು ತಂಡಗಳು ಬೇರೆ ಬೇರೆ ಅರ್ಧಕ್ಕೆ. ಮುಗಿಯಿತು.

ಆದರೆ ಫ್ಲೆಕ್ಸ್‌ನಲ್ಲಿ 32 ಎಂದಿದ್ದರೂ ಶನಿವಾರ ಬೆಳಗ್ಗೆ ಬಂದು ನಿಂತಿರುವುದು 37 ತಂಡ. ಎಂಟ್ರಿ ಫೀ ಹಿಡಿದು ಬಂದವರನ್ನು ವಾಪಸ್ ಕಳಿಸಿದರೆ ಅವರ ಅಪ್ಪ ಅಮ್ಮನ ವೋಟೂ ವಾಪಸ್. 37ಕ್ಕೆ ಸರಿಯಾದ ವಿಧಾನ ಹೀಗೆ: 64ರಲ್ಲಿ 37 ಕಳೆದರೆ 27. ಅಷ್ಟು ತಂಡಕ್ಕೆ ಬೈ, ಉಳಿದ ಹತ್ತು ತಂಡಗಳ ನಡುವೆ ಐದು ಪಂದ್ಯ, ಅಲ್ಲಿಗೆ ಎರಡನೇ ಸುತ್ತಿಗೆ ಅಚ್ಚುಕಟ್ಟಾಗಿ 32. ಇದನ್ನು ಯಾರಾದರೂ ಹೇಳಿದರೆ ಕಮಿಟಿಯವರಿಂದ ಬರುವ ಉತ್ತರ ಒಂದೇ: ‘27 ಟೀಮು ಮನೇಲಿ ಮಲಗಿದ್ರೆ ಉದ್ಘಾಟನೆಗೆ ಚಪ್ಪಾಳೆ ಯಾರು ಹೊಡೀತಾರೆ ಗುರು?’

ಆದ್ದರಿಂದ ಎಲ್ಲರನ್ನೂ ಜೋಡಿ ಜೋಡಿ ನಿಲ್ಲಿಸಿ, ಮಿಕ್ಕಿದ ಒಂದಕ್ಕೆ ಬೈ ಕೊಡಲಾಗುತ್ತದೆ. ಇಲ್ಲಿ ಪೆನ್ನು ಪೇಪರ್ ತೆಗೆದುಕೊಳ್ಳಿ. 37ರಲ್ಲಿ 18 ಪಂದ್ಯ, ಒಂದು ಬೈ, ಮುಂದಕ್ಕೆ 19. ಹತ್ತೊಂಬತ್ತರಲ್ಲಿ 9 ಪಂದ್ಯ, ಮತ್ತೊಂದು ಬೈ, 10 ಉಳಿಯಿತು. ಹತ್ತು ಐದಾಯಿತು. ಐದರಲ್ಲಿ ಎರಡು ಪಂದ್ಯ, ಒಂದು ಬೈ, ಉಳಿದದ್ದು ಮೂರು. ಹೌದು, ಸೆಮಿಫೈನಲ್‌ಗೆ ಮೂರು ತಂಡ. ಎರಡು ಆಡುತ್ತವೆ, ಮೂರನೆಯದು ಕಲ್ಲಂಗಡಿ ತಿನ್ನುತ್ತದೆ. ಒಟ್ಟು ನಾಲ್ಕು ಬೈ. ನಾಲ್ಕೂ ಒಂದೇ ತಂಡಕ್ಕೆ ಬಿದ್ದರೆ ಆ ತಂಡ ಎರಡೇ ಎರಡು ಪಂದ್ಯ ಆಡಿ ಕಪ್ ಎತ್ತಬಹುದು. ಎದುರಿನ ಫೈನಲಿಸ್ಟ್‌ಗೆ ಅದು ಆರನೇ ಪಂದ್ಯ, ಬೌಲರ್‌ಗೆ ಭುಜ ಎತ್ತಲಾಗುವುದಿಲ್ಲ. ನಾಲ್ಕೂ ಒಂದೇ ತಂಡಕ್ಕೆ ಬೀಳುವುದು ಕಾಕತಾಳೀಯ ಎಂದುಕೊಳ್ಳುವವರು ಅಣ್ಣನ ಭಾವಮೈದನ ತಂಡದ ಚೀಟಿಯನ್ನು ಮುಟ್ಟಿ ನೋಡಿಲ್ಲ. ಮಿಕ್ಕ ಚೀಟಿಗಳು ನಾಲ್ಕು ಮಡಿಕೆ, ಅದು ಎಂಟು. ಎತ್ತುವ ಮಗು ಮುಗ್ಧವೇ. ಆದರೆ ಮಗುವೂ ಭಾವಮೈದನದ್ದೇ.

ಇನ್ನು ಸಮಯ. ಆರು ಓವರಿನ ಪಂದ್ಯವೆಂದರೆ ಓವರಿಗೆ ನಾಲ್ಕು ನಿಮಿಷದಂತೆ ಎರಡು ಇನಿಂಗ್ಸ್‌ಗೆ 48 ನಿಮಿಷ. ಟಾಸು, ಬದಲಾವಣೆ, ‘ಆ ಬೌಲರ್ ನಮ್ಮ ಏರಿಯಾದವನೇ ಅಲ್ಲ, ಆಧಾರ್ ತೋರ್ಸು’ ಎಂಬ ಜಗಳ ಸೇರಿದರೆ ಸರಿಯಾಗಿ ಒಂದು ಗಂಟೆ. ಬೆಳಗ್ಗೆ ಏಳರಿಂದ ಸಂಜೆ ಆರರವರೆಗೆ ಎರಡು ದಿನಕ್ಕೆ 22 ಗಂಟೆ. ಪಂದ್ಯಗಳು 36. ಅಂದರೆ ಒಬ್ಬರೂ ಮಾತಾಡದಿದ್ದರೂ 14 ಗಂಟೆ ಸಾಲ. ಅದರಲ್ಲಿ 40 ಗಣ್ಯರಿಗೆ ಶಾಲು, ಹಾರ, ಮೈಸೂರು ಪೇಟ. ತಲೆಗೆ ಒಂದೂವರೆ ನಿಮಿಷ ಹಿಡಿದರೂ ಒಂದು ಪಂದ್ಯ ಶಾಲಿನಲ್ಲೇ ಹೋಯಿತು. ಆಮೇಲೆ ಅಣ್ಣ ಮೊದಲ ಬಾಲ್ ಎದುರಿಸಬೇಕು. ಅಂಡರ್ ಆರ್ಮ್ ಹಾಕುವುದು, ಫೋಟೋದವನು ಮಿಸ್ ಮಾಡಿದರೆ ಇನ್ನೊಂದು. ಬೌಲ್ಡ್ ಆದರೆ ನೋಬಾಲ್. ಇದು ಯಾವ ನಿಯಮಾವಳಿಯಲ್ಲೂ ಇಲ್ಲ, ಎಲ್ಲ ಅಂಪೈರ್‌ಗಳಿಗೂ ಗೊತ್ತು.

ಸಾಲ ತೀರಿಸುವ ದಾರಿ ಓವರ್ ಕತ್ತರಿಸುವುದು. ಶನಿವಾರ ಮಧ್ಯಾಹ್ನಕ್ಕೆ ಆರು ನಾಲ್ಕಾಗುತ್ತದೆ, ಭಾನುವಾರ ಮೂರು, ಸೆಮಿಫೈನಲ್ ಎರಡು. ಮುಂದೆ ಹೋದಂತೆ ಆಟ ಚಿಕ್ಕದಾಗುವ, ಭಾಷಣ ದೊಡ್ಡದಾಗುವ ಟೂರ್ನಿ ಲೋಕದಲ್ಲಿ ಇದೊಂದೇ ಇರಬೇಕು. ಟೈ ಆದರೆ ಸೂಪರ್ ಓವರ್‌ಗೆ ಎಲ್ಲಿದೆ ಸಮಯ? 2019ರ ವಿಶ್ವಕಪ್ ಫೈನಲ್ ಸೂಪರ್ ಓವರೂ ಟೈ ಆಗಿ ಬೌಂಡರಿ ಲೆಕ್ಕದಲ್ಲಿ ಇಂಗ್ಲೆಂಡ್ 26–17ರಿಂದ ಗೆದ್ದಾಗ ಜಗತ್ತೇ ಬೈಯಿತು, ಐಸಿಸಿ ಅದೇ ವರ್ಷ ನಿಯಮ ಕೈಬಿಟ್ಟಿತು. ಇಲ್ಲಿ ಬೌಂಡರಿ ಎಣಿಸಲಿಕ್ಕೂ ಆಗದು, ಸ್ಕೋರ್ ಬರೆಯುವ ಹುಡುಗ ಜನರೇಟರ್‌ಗೆ ಡೀಸೆಲ್ ತರಲು ಹೋಗಿರುತ್ತಾನೆ. ಟಾಸ್ ಹಾಕುತ್ತಾರೆ.

ಬಾಲಿನ ಲೆಕ್ಕವೂ ಇದೇ ಜಾತಿ. ಇನಿಂಗ್ಸ್‌ಗೆ ಒಂದು ಹೊಸದು, ಪಕ್ಕದ ಅಪಾರ್ಟ್‌ಮೆಂಟ್ ಕಾಂಪೌಂಡಿಗೆ ದಾನವಾಗಲು ಇನ್ನೊಂದು. 36 ಪಂದ್ಯಕ್ಕೆ 144, ಅಂದರೆ 12 ಡಜನ್. ತರಿಸಿದ್ದು ಮೂರು ಡಜನ್. ಕೂದಲು ಉದುರಿದ ಬಾಲು ಪಿಚ್ ಬಿದ್ದ ಮೇಲೆ ಜಾರಿ ಕೆಳಗೇ ಬರುತ್ತದೆ, ಎರಡನೇ ಬ್ಯಾಟಿಂಗಿನವರು ಸೋಲುತ್ತಾರೆ. ಭಾನುವಾರದ ಹೊತ್ತಿಗೆ ಟಾಸ್ ಗೆಲ್ಲುವುದೇ ಮ್ಯಾಚ್ ಗೆಲ್ಲುವುದು. ಶಾಲು ಮಾತ್ರ ಎರಡು ಡಜನ್ ಹೆಚ್ಚೇ ಉಳಿದಿರುತ್ತದೆ.

ಅಸಲಿ ತೊಂದರೆ ಇದ್ಯಾವುದೂ ಅಲ್ಲ, ನಾಕೌಟ್‌ನ ಗುಣವೇ. ಹನ್ನೊಂದರಂತೆ 407 ಆಟಗಾರರು ಶನಿವಾರ ಬೆಳಗ್ಗೆ ಇದ್ದರು. ಪ್ರತಿ ಸುತ್ತಿಗೆ ಅರ್ಧ ಜನ ಬೈಕ್ ಹತ್ತುತ್ತಾರೆ. ಭಾನುವಾರ ಸಂಜೆ ಅಣ್ಣ ಸಮಾರೋಪ ಭಾಷಣಕ್ಕೆ ಎದ್ದಾಗ ಎದುರಿಗಿರುವುದು 22 ಜನ, ಅವರೂ ಪ್ಯಾಡ್ ಇಲ್ಲದೆ ಏಟು ತಿಂದ ಕಾಲು ನೀವಿಕೊಳ್ಳುತ್ತಾ. ಮೊದಲ ಸುತ್ತಿನಲ್ಲಿ ಸೋತ 18 ತಂಡಗಳಿಗೆ ಬೇರೆ ಪ್ಲೇಟ್ ಟೂರ್ನಿ ಇಟ್ಟರೆ ಜನ ಉಳಿಯುತ್ತಾರೆ, ನಿಜ. ಆದರೆ ಇನ್ನೂ 17 ಪಂದ್ಯ, 17 ಗಂಟೆ. ಕಮಿಟಿ ಕಂಡುಕೊಂಡ ಉಪಾಯ ಅಗ್ಗದ್ದು: ಎಂಟ್ರಿ ಫೀನಲ್ಲೇ ಸೇರಿದ್ದ ಟೀಶರ್ಟನ್ನು ಬಹುಮಾನ ವಿತರಣೆ ಆದ ಮೇಲೆ ಕೊಡುವುದು, ಲಕ್ಕಿ ಡಿಪ್‌ನಲ್ಲಿ ಒಂದು ಮಿಕ್ಸಿ ಇಡುವುದು. ಮಿಕ್ಸಿಗಾಗಿ ಕಾದ ಜನವನ್ನೇ ಡ್ರೋನ್ ಕ್ಯಾಮೆರಾ ಮೇಲಿನಿಂದ ಹಿಡಿದು ‘ಅಣ್ಣನಿಗೆ ಹರಿದುಬಂದ ಜನಸಾಗರ’ ಮಾಡುತ್ತದೆ.

ಬಹುಮಾನದ ವಿಷಯದಲ್ಲಿ ಮಾತ್ರ ಅಣ್ಣ ಗಣಿತಜ್ಞ. ಮಕ್ಕಳ ಕಥೆಗಳನ್ನು ಲೂಯಿಸ್ ಕ್ಯಾರಲ್ ಎಂಬ ಹೆಸರಿನಲ್ಲಿ ಬರೆದ ಚಾರ್ಲ್ಸ್ ಡಾಡ್ಜ್‌ಸನ್ ಗಣಿತದ ಮೇಷ್ಟ್ರೂ ಆಗಿದ್ದರು. 32 ಜನರ ನಾಕೌಟ್‌ನಲ್ಲಿ ಎರಡನೇ ಅತ್ಯುತ್ತಮನಿಗೆ ಎರಡನೇ ಬಹುಮಾನ ಸಿಗುವ ಸಂಭವ 31ರಲ್ಲಿ 16 ಅಷ್ಟೇ ಎಂದು 1883ರಲ್ಲೇ ತೋರಿಸಿದರು. ಅತ್ಯುತ್ತಮನ ಅರ್ಧದಲ್ಲೇ ಬಿದ್ದರೆ ಅವನು ಫೈನಲ್ ಕಾಣುವುದೇ ಇಲ್ಲ. ಅಣ್ಣನ ಪರಿಹಾರ ಇನ್ನೂ ಸರಳ. ಒಂದರಿಂದ ನಾಲ್ಕರವರೆಗೆ ಕಪ್, ಶಿಸ್ತಿನ ತಂಡಕ್ಕೊಂದು, ದೂರದಿಂದ ಬಂದ ತಂಡಕ್ಕೊಂದು, ಅಂಪೈರ್‌ಗೆ ಹೊಡೆಯದ ತಂಡಕ್ಕೊಂದು.

ರಾತ್ರಿ ಹತ್ತಕ್ಕೆ ಧ್ವನಿವರ್ಧಕ ಬಂದ್ ಆಗಬೇಕು, ಕಾನೂನು. ಹಾಗಾಗಿ ಫೈನಲ್ ಎರಡೇ ಓವರ್, ಹ್ಯಾಲೊಜನ್ ಬೆಳಕಿನಲ್ಲಿ. ಭಾವಮೈದನ ತಂಡ ಗೆಲ್ಲುತ್ತದೆ. ಕಪ್ಪಿನ ಮೇಲೆ ಅಣ್ಣನ ಹೆಸರು, ಅಣ್ಣನ ತಂದೆಯವರ ಸ್ಮರಣಾರ್ಥ, ಪ್ರಾಯೋಜಕ ಬಾರ್ ಅಂಡ್ ರೆಸ್ಟೋರೆಂಟ್; ತಂಡದ ಹೆಸರಿಗೆ ಸ್ಟಿಕ್ಕರ್. ರನ್ನರ್ ಕ್ಯಾಪ್ಟನ್‌ಗೆ ನಾಲ್ಕಡಿ ಉದ್ದದ ಥರ್ಮೋಕೋಲ್ ಚೆಕ್ಕು. ‘ದುಡ್ಡು ಸೋಮವಾರ ಆಫೀಸಿಗೆ ಬಾ ಮಗಾ.’ ಸೋಮವಾರ ಹೋದರೆ ಅಣ್ಣ ಇಲ್ಲ, ಕಬಡ್ಡಿ ಕಪ್ಪಿನ ಕಮಿಟಿ ಮೀಟಿಂಗಿಗೆ ಹೋಗಿದ್ದಾರೆ. ಅಲ್ಲಿ 19 ತಂಡ ಹೆಸರು ಕೊಟ್ಟಿವೆಯಂತೆ, ಭಾವಮೈದನದ್ದೂ ಸೇರಿ.