ಎರಡು ಊರಿನ ಆಯಿ

ಮಗಳನ್ನು ಪುಣೆಯಲ್ಲಿ ನರ್ಸರಿಗೆ ಸೇರಿಸಿ ಎರಡು ವಾರ ಆಗಿತ್ತು. ಒಂದು ಮಧ್ಯಾಹ್ನ ಕರೆದುಕೊಂಡು ಬರಲು ಹೋದಾಗ ಟೀಚರ್ ನನ್ನನ್ನು ಪಕ್ಕಕ್ಕೆ ಕರೆದರು. ಮನೆಯಲ್ಲಿ ಎಲ್ಲಾ ಸರಿ ಇದೆಯಾ ಎಂದು ಮೆಲ್ಲಗೆ ಕೇಳಿದರು. ನನಗೆ ಗಾಬರಿ. ಆಮೇಲೆ ವಿಷಯ ಗೊತ್ತಾಯಿತು. ಅವರು ಮಗಳನ್ನು "ತುಝೀ ಆಯಿ ಕುಠೇ ಆಹೇ?", ನಿನ್ನ ಆಯಿ ಎಲ್ಲಿದ್ದಾಳೆ ಎಂದು ಮರಾಠಿಯಲ್ಲಿ ಕೇಳಿದ್ದಾರೆ. ಇವಳು "ಕಲಬುರಗಿ" ಅಂದಿದ್ದಾಳೆ. ಯಾವಾಗ ಬರುತ್ತಾಳೆ ಎಂದರೆ ಬರೋದಿಲ್ಲ ಎಂದು ತಲೆ ಅಲ್ಲಾಡಿಸಿದ್ದಾಳೆ.

ಮರಾಠಿಯಲ್ಲಿ ಆಯಿ ಎಂದರೆ ಅಮ್ಮ. ನಮ್ಮ ಕಲಬುರಗಿ ಕಡೆ ಆಯಿ ಎಂದರೆ ಅಜ್ಜಿ. ಟೀಚರ್‌ಗೆ ಬಿಡಿಸಿ ಹೇಳಿದೆ. ಅವರಿಗೆ ಸಮಾಧಾನ ಆಯಿತು.

ಆದರೆ ಮನೆಗೆ ಬಂದು ನಾನು ಮಾಡಿದ್ದು ತಪ್ಪು. "ಇನ್ಮೇಲೆ ಆಯಿ ಅನ್ನಬೇಡ ಪುಟ್ಟಿ, ಅಜ್ಜಿ ಅನ್ನು. ಎಲ್ಲರಿಗೂ ತಿಳಿಯುತ್ತೆ" ಅಂದೆ. ಮಗು ಹೇಳಿದ ಹಾಗೆ ಕೇಳಿತು. ಭಾನುವಾರ ವಿಡಿಯೋ ಕಾಲ್‌ನಲ್ಲಿ "ಅಜ್ಜಿ, ಹೇಗಿದ್ದೀರಿ?" ಅಂತು. ನಮ್ಮವ್ವ ಒಂದು ಕ್ಷಣ ಸುಮ್ಮನಾದಳು. ಮಗು ಆಡಲು ಓಡಿದ ಮೇಲೆ ನನ್ನ ಹತ್ತಿರ ಅಂದಳು: "ಅಜ್ಜಿ ಅಂದ್ರ ಬ್ಯಾರೆ ಯಾರಿಗೋ ಕರ್ದಂಗ ಆಗ್ತದಪಾ."

ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿದೆ.

ನಾನು ಹಾಗೆ ಮಾಡಿದ್ದು ಯಾಕೆ ಎಂದು ಯೋಚಿಸಿದರೆ ಬೆಂಗಳೂರಿನ ದಿನಗಳು ನೆನಪಾಗುತ್ತವೆ. ಓದು ಮುಗಿಸಿ ಮೊದಲು ಕೆಲಸಕ್ಕೆ ಸೇರಿದ್ದು ಅಲ್ಲಿ. ಫೋನ್ ಎತ್ತಿ "ಊಟ ಮಾಡ್ಲತ್ತೀನಿ, ಆಮ್ಯಾಲ ಮಾತಾಡ್ತೀನಿ" ಅಂದರೆ ಸುತ್ತ ಕೂತವರು ನಗುತ್ತಿದ್ದರು. ಕೆಟ್ಟ ಮನಸ್ಸಿನಿಂದ ಅಲ್ಲ. "ಇನ್ನೊಂದ್ಸಲ ಹೇಳು" ಅನ್ನುತ್ತಿದ್ದರು, ಅಷ್ಟೇ. ಆದರೆ ಇಪ್ಪತ್ಮೂರರ ವಯಸ್ಸಿನಲ್ಲಿ ಅಷ್ಟೇ ಸಾಕು ಚುಚ್ಚಲಿಕ್ಕೆ. ಆರು ತಿಂಗಳಲ್ಲಿ "ಮಾಡ್ತಾ ಇದ್ದೀನಿ" ಕಲಿತೆ. ಮನೆಗೆ ಫೋನ್ ಮಾಡಬೇಕೆಂದರೆ ಎದ್ದು ಹೊರಗೆ ಹೋಗುತ್ತಿದ್ದೆ. ನನ್ನ ಮಕ್ಕಳಿಗೆ ಇದು ಬೇಡ, ಅವರಿಗೆ ಮೊದಲಿನಿಂದಲೇ "ಒಳ್ಳೆಯ ಕನ್ನಡ" ಕಲಿಸೋಣ ಎಂದು ನಾನೂ ನನ್ನ ಹೆಂಡತಿಯೂ ನಿರ್ಧಾರ ಮಾಡಿದ್ದೆವು. ಚಿತ್ರದ ಪುಸ್ತಕ ತಂದೆವು. "ನಾನು ಊಟ ಮಾಡಿದೆನು", "ಅವನು ಶಾಲೆಗೆ ಹೋದನು" ಎಂದು ಓದಿಸಿದೆವು. ಮಗಳು ಮಾತಾಡುವುದೂ ಹಾಗೇ ಆಯಿತು. ಮಾತು ಶುದ್ಧ ಇತ್ತು. ಆದರೆ ಅದರಲ್ಲಿ ನಮ್ಮ ಮನೆ ಇರಲಿಲ್ಲ.

ಹೊರನಾಡಿನಲ್ಲಿ ಇದ್ದುಕೊಂಡು ಮಕ್ಕಳಿಗೆ ಕನ್ನಡ ಕಲಿಸುವ ತಂದೆತಾಯಂದಿರಿಗೆ ನಾನು ಹೇಳಬೇಕೆಂದಿರುವುದು ಇದೇ. ಮೊದಲು ನಿಮ್ಮ ಮನೆಯ ಕನ್ನಡ ಕೊಡಿ. ಕಲಬುರಗಿಯದೋ, ಬೀದರದ್ದೋ, ಕುಂದಾಪುರದ್ದೋ, ಯಾವುದಾದರೂ ಸರಿ. ಅಜ್ಜಿ ಯಾವ ಕನ್ನಡದಲ್ಲಿ ಮುದ್ದು ಮಾಡುತ್ತಾಳೋ ಆ ಕನ್ನಡ. ಪುಸ್ತಕದ ಕನ್ನಡ ಅಕ್ಷರದ ಜೊತೆ ತಾನಾಗೇ ಬರುತ್ತದೆ. ಮನೆಯ ಕನ್ನಡ ಆಮೇಲೆ ಬರುವುದಿಲ್ಲ.

ನನಗೆ ಇದು ತಿಳಿದದ್ದು ಕಳೆದ ಬೇಸಿಗೆ ರಜೆಯಲ್ಲಿ. ಪುಣೆಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಸೋಲಾಪುರದವರೆಗೆ ಡಬ್ಬಿಯಲ್ಲಿ ಮರಾಠಿಯೇ ಜಾಸ್ತಿ. ಅಲ್ಲಿಂದ ಮುಂದೆ ಮಾತು ಮೆಲ್ಲಗೆ ಬದಲಾಗುತ್ತದೆ. ಅಕ್ಕಲಕೋಟ, ದುಧನಿ ಇನ್ನೂ ಮಹಾರಾಷ್ಟ್ರವೇ. ಆದರೆ ಅಲ್ಲಿ ಹತ್ತಿದ ಹೆಣ್ಣುಮಕ್ಕಳು "ಜರಾ ಸರೀರಿ, ಕೂಸಿಗಿ ಕೂಡಿಸ್ತೀನಿ" ಅಂದರು. ಮಗಳು ನನ್ನ ಕಿವಿಯಲ್ಲಿ "ಅಪ್ಪಾ, ಇವರು ಅಜ್ಜಿ ತರಹ ಮಾತಾಡ್ತಾರೆ" ಅಂದಳು. ಅವಳಿಗೆ ಅದು ಒಬ್ಬ ಅಜ್ಜಿಯ ಮಾತು ಎಂದೇ ಅನಿಸಿತ್ತು. ಒಂದು ಸೀಮೆಯೇ ಹಾಗೆ ಮಾತಾಡುತ್ತದೆ ಎಂದು ಆ ಐದು ವರ್ಷದ ಮಗುವಿಗೆ ಯಾರು ಹೇಳಿದ್ದರು?

ಕಲಬುರಗಿಯ ಮೇ ತಿಂಗಳು ಗೊತ್ತಲ್ವಾ, ಹತ್ತು ಗಂಟೆ ಆದರೆ ಹೊರಗೆ ಕಾಲಿಡಲು ಆಗುವುದಿಲ್ಲ. ಮಕ್ಕಳು ಮನೆಯೊಳಗೇ ಇರಬೇಕು. ಹಾಗಾಗಿ ಬೆಳಿಗ್ಗೆ ಇಬ್ಬರೂ ಅಡುಗೆಮನೆಯಲ್ಲಿ ಅವ್ವನ ಪಕ್ಕ. ಅವ್ವ ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದುತ್ತಿದ್ದಳು. ಮಗಳು "ಅಜ್ಜಿ, ಏನು ಮಾಡುತ್ತಿದ್ದೀರಿ?" ಅಂದಳು. "ನಾದ್ಲತ್ತೀನಿ ನಮ್ಮವ್ವ. ನಾದಿದಷ್ಟೂ ರೊಟ್ಟಿ ಹರಿಯಲ್ಲ" ಅಂದಳು ಅವ್ವ. ಮುದ್ದೆ ಹಿಡಿದು ಕಲ್ಲಿನ ಮೇಲೆ ಇಟ್ಟು ಎರಡು ಕೈಯಿಂದ ಬಡಿದಳು. ಪಟಪಟ ಸದ್ದಿನ ಜೊತೆ ರೊಟ್ಟಿ ತಾನೇ ತಿರುಗುತ್ತಾ ಅಗಲ ಆಯಿತು. ಎತ್ತಿ ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರಿದಳು. ನೀರು ಆರುತ್ತಲೇ ಹೊಳ್ಳಿಸಿದಳು. ರೊಟ್ಟಿ ಉಬ್ಬಿತು. ಮೂರು ವರ್ಷದ ಮಗ ಚಪ್ಪಾಳೆ ಹೊಡೆದ.

ನಾದು, ಬಡಿ, ಸವರು, ಹೊಳ್ಳಿಸು, ಉಬ್ಬು. ಒಂದು ರೊಟ್ಟಿ ಬೇಯುವಷ್ಟರಲ್ಲಿ ಐದು ಮಾತು. ನಾವು ತಂದ ಪುಸ್ತಕಗಳಲ್ಲಿ ಆನೆ, ಇಲಿ, ಈಶ ಇದ್ದವು. ಇವು ಯಾವುವೂ ಇರಲಿಲ್ಲ. ಮೂರನೇ ದಿನ ಮಗಳು ಒಂದು ಪುಟ್ಟ ಮುದ್ದೆ ಹಿಡಿದು ಕೂತಿದ್ದಳು. ನಾನು ಏನು ಮಾಡ್ತಿದ್ದೀಯಾ ಅಂದೆ. ತಲೆ ಎತ್ತದೆ "ರೊಟ್ಟಿ ಬಡಿಲತ್ತೀನಿ" ಅಂದಳು. ಬೆಂಗಳೂರಿನಲ್ಲಿ ನಾನು ಬಿಟ್ಟು ಬಂದ ಮಾತು ನನ್ನ ಮಗಳ ಬಾಯಲ್ಲಿತ್ತು. ಆವತ್ತೇ ಅಜ್ಜಿ ಹೋಗಿ ಮತ್ತೆ ಆಯಿ ಆದಳು. ನಾನೇನೂ ಹೇಳಲಿಲ್ಲ.

ಪುಣೆಯವರಿಂದ ನಾವು ಕಲಿಯಬೇಕಾದ್ದು ಒಂದಿದೆ. ನಮ್ಮ ಬಿಲ್ಡಿಂಗ್‌ನಲ್ಲಿ ಮರಾಠಿ ಕುಟುಂಬಗಳೇ ಹೆಚ್ಚು. ಮಕ್ಕಳು ಓದುವುದು ಇಂಗ್ಲಿಷ್ ಮೀಡಿಯಂನಲ್ಲೇ. ಆದರೆ ಲಿಫ್ಟಿನಲ್ಲಿ, ಪಾರ್ಕಿನಲ್ಲಿ, ಯಾರ ಎದುರಾದರೂ ಅವರು ಮಕ್ಕಳ ಜೊತೆ ಮರಾಠಿಯಲ್ಲೇ ಮಾತಾಡುತ್ತಾರೆ. ಅದರಲ್ಲಿ ಸಂಕೋಚವೇ ಇಲ್ಲ. ಮಹಾರಾಷ್ಟ್ರದಲ್ಲಿ 2020ರ ಕಾನೂನಿನಂತೆ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಆದರೆ ನಾನು ಹೇಳುತ್ತಿರುವುದು ಕಾನೂನಿನ ಮಾತಲ್ಲ. ಮೇಲಿನ ಮಹಡಿಯ ಅಜ್ಜಿ ಮೊಮ್ಮಗನಿಗೆ ವರಣ-ಭಾತ್ ಕಲಸಿ ಬಾಯಿಗಿಡುವಾಗ ಆಡುವ ಮಾತು ಯಾವ ಕಾನೂನಿನಿಂದಲೂ ಬಂದದ್ದಲ್ಲ.

ಊರಲ್ಲಿ ನೋಡಿದರೆ ನನ್ನ ವಾರಿಗೆಯ ಗೆಳೆಯರ ಮನೆಗಳಲ್ಲಿ ಬೇರೆಯೇ ಗಾಳಿ. "ವಾಟರ್ ಕುಡಿ", "ಹ್ಯಾಂಡ್ ವಾಶ್ ಮಾಡ್ಕೋ", "ಡಾಗ್ ಬಂತ್ ನೋಡು". ಮೂರು ವರ್ಷದ ಕೂಸಿಗೆ ನಾಯಿ ಎಂಬ ಮಾತು ಗೊತ್ತಿಲ್ಲ. ಕನ್ನಡ ನಾಡಿನ ನಡುವೆ, ಆಯಿ-ಮುತ್ಯಾ, ಅಂದರೆ ಅಜ್ಜಿ-ಅಜ್ಜ ಇರುವ ಮನೆಯಲ್ಲಿ! ನನಗೆ ನಿಜಕ್ಕೂ ನೋವಾಯಿತು. ಅವರನ್ನು ಬೈಯಲು ಮನಸ್ಸು ಬರುವುದಿಲ್ಲ. ನನಗೆ ಬೆಂಗಳೂರಿನಲ್ಲಿ ಆದ ಅವಮಾನ ಅವರಿಗೂ ಆಗಿದೆ. ಹಿಂದುಳಿದ ಸೀಮೆ ಎಂದು ಕೇಳಿ ಕೇಳಿ ಬೆಳೆದವರು ನಾವು. ಮಕ್ಕಳಾದರೂ ಮುಂದೆ ಬರಲಿ ಎಂಬ ಆಸೆ. ಆದರೆ ನಾಯಿಗೆ ಡಾಗ್ ಅಂದ ಮಾತ್ರಕ್ಕೆ ಮಗುವಿಗೆ ಇಂಗ್ಲಿಷ್ ಬರುವುದಿಲ್ಲ. ಕನ್ನಡ ಮಾತ್ರ ಹೋಗುತ್ತದೆ.

ನನ್ನ ಮುತ್ಯಾನ ಕಥೆ ಕೇಳಿ. 1948ರ ಸೆಪ್ಟೆಂಬರ್ 17ರವರೆಗೆ ನಮ್ಮ ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕಚೇರಿಯ ಭಾಷೆ ಉರ್ದು. ಮುತ್ಯಾ ಶಾಲೆಯಲ್ಲಿ ಕಲಿತದ್ದೂ ಉರ್ದುವಿನಲ್ಲಿ. ಲೆಕ್ಕ ಹಾಕುತ್ತಿದ್ದದ್ದು, ಸಹಿ ಮಾಡುತ್ತಿದ್ದದ್ದು ಎಲ್ಲಾ ಉರ್ದುವೇ. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯ ಸೇರಿದೆವು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಕನ್ನಡ ಉಳಿದದ್ದು ಎಲ್ಲಿ? ಒಲೆಯ ಮುಂದೆ, ಹೊಲದಲ್ಲಿ, ತೊಟ್ಟಿಲ ಪಕ್ಕದಲ್ಲಿ. ಮುತ್ಯಾನ ಅವ್ವನಿಗೆ ಓದು ಬರುತ್ತಿರಲಿಲ್ಲ. ಅವಳೇ ನಮಗೆ ಈ ಭಾಷೆ ಕೊಟ್ಟಳು. ಹಾಗೆ ಬಂದದ್ದನ್ನು ನಾನು "ಒಳ್ಳೆಯದಲ್ಲ" ಎಂದು ಮಗಳ ಬಾಯಿಂದ ತೆಗೆಯಲು ಹೊರಟಿದ್ದೆ.

ಮನೆಯಲ್ಲಿ ಒಂದೇ ಭಾಷೆ ಮಾತಾಡಿ, ಇಲ್ಲದಿದ್ದರೆ ಮಗುವಿಗೆ ಗೊಂದಲ ಎಂದು ಪುಣೆಯಲ್ಲಿ ನಮಗೂ ಒಬ್ಬರು ಬುದ್ಧಿ ಹೇಳಿದ್ದರು. ಆ ಮಾತು ನಾನು ಒಪ್ಪುವುದಿಲ್ಲ. ಕಲಬುರಗಿಯಲ್ಲಿ ನಮ್ಮ ಓಣಿಯ ಮಕ್ಕಳು ಮನೆಯೊಳಗೆ ಕನ್ನಡ ಆಡುತ್ತವೆ. ಗೋಲಿ ಆಡಲು ಹೊರಗೆ ಬಂದರೆ ದಖನಿ, ಅಂದರೆ ನಮ್ಮ ಕಡೆಯ ಆಡುಮಾತಿನ ಉರ್ದು ಆಡುತ್ತವೆ. ಸೋಲಾಪುರದ ಕಾಕಾ ಬಂದರೆ ಮರಾಠಿ. ಯಾವ ಮಗುವೂ ಗೊಂದಲ ಮಾಡಿಕೊಂಡದ್ದು ನಾನು ಕಂಡಿಲ್ಲ. ನನ್ನ ಮಗ ಈಗ "ಪಾಣಿ ಕೊಡು" ಅನ್ನುತ್ತಾನೆ. ಅನ್ನಲಿ. ನಾವು "ನೀರು ಬೇಕೇನಪ್ಪಾ" ಎಂದು ಕೇಳಿ ಕೊಡುತ್ತೇವೆ. ದಿನಕ್ಕೆ ಹತ್ತು ಸಲ ಕೇಳಿದರೆ ಸಾಕು, ಅವನೂ ಕಲಿಯುತ್ತಾನೆ.

ಊರಲ್ಲಿ ರಾತ್ರಿ ಎಲ್ಲರೂ ಮಾಳಿಗೆ ಮೇಲೆ ಮಲಗುತ್ತಿದ್ದೆವು. ಸಂಜೆಯೇ ನೀರು ಹೊಡೆದು ನೆಲ ತಂಪು ಮಾಡುತ್ತಿದ್ದೆವು. ಅವ್ವ ಮಕ್ಕಳನ್ನು ಎರಡು ಕಡೆ ಹಾಕಿಕೊಂಡು ಕಥೆ ಹೇಳುತ್ತಿದ್ದಳು. ಕೇಳುವವರು ನಡುನಡುವೆ "ಹ್ಞೂಂ" ಅನ್ನಬೇಕು. ಅನ್ನದಿದ್ದರೆ ಕಥೆ ನಿಲ್ಲುತ್ತದೆ. ಮೊದಲ ದಿನ ಮಗಳಿಗೆ ಇದು ಗೊತ್ತಿರಲಿಲ್ಲ. ಸುಮ್ನೆ ಕೇಳುತ್ತಾ ಬಿದ್ದಿದ್ದಳು. ಅವ್ವ ನಿಲ್ಲಿಸಿದಳು. "ಹ್ಞೂಂ ಅನ್ನು ನಮ್ಮವ್ವ, ಇಲ್ಲಂದ್ರ ಕಥಿಗಿ ದಾರಿ ಸಿಗಲ್ಲ" ಅಂದಳು.

ಪುಣೆಗೆ ಬಂದ ಮೇಲೆ ಭಾನುವಾರದ ವಿಡಿಯೋ ಕಾಲ್ ಬಿಟ್ಟೆವು. ಈಗ ದಿನಾ ರಾತ್ರಿ ಒಂಬತ್ತಕ್ಕೆ ಬರೀ ಫೋನ್. ದೀಪ ಆರಿಸಿ, ಸ್ಪೀಕರ್ ಹಾಕಿ, ಇಬ್ಬರ ದಿಂಬಿನ ನಡುವೆ ಇಡುತ್ತೇನೆ. ಅವ್ವನ ದನಿ ಬರುತ್ತದೆ. "ಒಂದೂರಾಗ ಒಬ್ಬ ರಾಜ ಇದ್ದನಂತ." "ಹ್ಞೂಂ" ಅನ್ನುತ್ತಾಳೆ ಮಗಳು. "ಹೂಂ" ಅನ್ನುತ್ತಾನೆ ಮಗ. ಮಗನ ದನಿ ಮೊದಲು ನಿಲ್ಲುತ್ತದೆ. ಆಮೇಲೆ ಮಗಳದ್ದೂ ಮೆತ್ತಗೆ ಆಗುತ್ತಾ ಹೋಗುತ್ತದೆ. ರಾಜ ಕಾಡಿನ ನಡುವೆ ಇರುತ್ತಾನೆ. ಅವ್ವ ಕಥೆ ನಿಲ್ಲಿಸಿ, ಕಲಬುರಗಿಯಿಂದ ಕೇಳುತ್ತಾಳೆ, "ನಿದ್ದಿ ಹತ್ತಿತೇನ ನಮ್ಮವ್ವ?"