ಉಲ್ಕೆಯ ಬಿಲ್ಲೆ ಕೊಳ್ಳುವವರು ಚೀಟಿಯನ್ನೂ ಕೇಳಿ

ಉಲ್ಕಾಶಿಲೆಯನ್ನು ಬ್ರೆಡ್ಡಿನ ಹಾಗೆ ಹೋಳು ಮಾಡಿ ಮಾರುವುದು ಅನ್ಯಾಯ ಅಂತ ಗೆಳೆಯರೊಬ್ಬರು ಮೊನ್ನೆ ಸಿಟ್ಟಾಗಿದ್ದರು. ನಾನು ಒಪ್ಪುವುದಿಲ್ಲ. ಕಬ್ಬಿಣದ ಉಲ್ಕೆ ಇಡಿಯಾಗಿದ್ದರೆ ಕಾಣುವುದು ಒಂದು ಕಂದುಗಪ್ಪು ಗಟ್ಟಿ, ಅಷ್ಟೇ. ಕೊಯ್ದು, ನುಣ್ಣಗೆ ಉಜ್ಜಿ, ಆಲ್ಕೋಹಾಲ್ ಬೆರೆಸಿದ ನೈಟ್ರಿಕ್ ಆಮ್ಲ ಸವರಬೇಕು. ಉಲ್ಕೆಯಲ್ಲಿ ಕಬ್ಬಿಣ-ನಿಕಲ್ಲಿನ ಎರಡು ಬೆರಕೆ ಲೋಹಗಳಿರುತ್ತವೆ: ನಿಕಲ್ ಕಡಿಮೆಯಿರುವ ಕಾಮಸೈಟನ್ನು ಆಮ್ಲ ಬೇಗ ತಿನ್ನುತ್ತದೆ, ನಿಕಲ್ ಹೆಚ್ಚಿರುವ ಟೀನೈಟ್ ಉಳಿದು ಮಿನುಗುತ್ತದೆ. ಆಗ ಏಳುವ ಗೆರೆಗಳ ಜಾಲ, ಕ್ಷುದ್ರಗ್ರಹದ ಒಡಲಲ್ಲಿ ಲಕ್ಷಾಂತರ ವರ್ಷ ಮೆಲ್ಲಗೆ ತಣಿದ ಲೋಹಕ್ಕೆ ಮಾತ್ರ ದಕ್ಕಿದ್ದು. ಅದಕ್ಕೆ 1808ರಲ್ಲಿ ಅದನ್ನು ಕಂಡ ವಿಯೆನ್ನಾದ ವಿಡ್ಮನ್‌ಸ್ಟಾಟನ್ ಹೆಸರಿದೆ. ನೇಪಲ್ಸಿನಲ್ಲಿದ್ದ ವಿಲಿಯಂ ಥಾಮ್ಸನ್, ತುಕ್ಕು ತೆಗೆಯಲು ಆಮ್ಲ ಹಾಕಿದಾಗ ಕಂಡದ್ದನ್ನು 1804ರಲ್ಲೇ ಬರೆದಿದ್ದ. ಪಾಪ, ಹೆಸರು ಸಿಗಲಿಲ್ಲ.

ನನ್ನ ತಕರಾರು ಬೇರೆ. ಬಿಲ್ಲೆ ಕೊಳ್ಳುವವರು ಹೊಳಪು ನೋಡುತ್ತಾರೆ, ಚೀಟಿ ಕೇಳುವುದಿಲ್ಲ. ಹೊಸ ಉಲ್ಕೆಯ ಹೆಸರು ದಾಖಲಾಗಬೇಕಾದರೆ 20 ಗ್ರಾಂ ಅಥವಾ ಒಟ್ಟು ತೂಕದ ಶೇ. 20, ಯಾವುದು ಕಡಿಮೆಯೋ ಅಷ್ಟನ್ನು ಸಂಶೋಧನಾ ಸಂಗ್ರಹವೊಂದಕ್ಕೆ ಕೊಡಬೇಕು. ಹೆಸರು ಬರುವುದು ಸಾಮಾನ್ಯವಾಗಿ ಸಿಕ್ಕ ಊರಿನಿಂದ. 1866ರಲ್ಲಿ ನಮ್ಮ ಉಡುಪಿಯಲ್ಲಿ ಬಿದ್ದ ಕಲ್ಲು ಉಲ್ಕೆಗಳ ಪಟ್ಟಿಯಲ್ಲಿ ಇವತ್ತಿಗೂ ‘ಉಡಿಪಿ’. ಆ ಹೆಸರು, ತೂಕ, ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದು ಚೀಟಿಯಲ್ಲಿರುತ್ತದೆ. ಅದು ಕಳೆದರೆ, ಅಧ್ಯಯನ ಮಾಡುವವರಿಗೆ ನಿಮ್ಮ ಬಿಲ್ಲೆಯ ಉಪಯೋಗ ಅಷ್ಟಕ್ಕಷ್ಟೇ. ನಮೀಬಿಯಾದ ಗಿಬಿಯನ್ ಎಂಬ ಕಬ್ಬಿಣದ ಉಲ್ಕೆಯ ವಿಷಯದಲ್ಲಂತೂ ಕೇಳಲೇಬೇಕು, ಅಲ್ಲಿಂದ ಹೊರಗೆ ಸಾಗಿಸಲು ಕಾನೂನಿನ ತಡೆಯಿದೆ.

ಇನ್ನು ಸಾಕುವ ಮಾತು. ಸಾಕುವುದು ಅಂತಲೇ ಅನ್ನುತ್ತೇನೆ. 1906ರಲ್ಲಿ ಉತ್ತರ ಸ್ವೀಡನ್ನಿನಲ್ಲಿ ಸಿಕ್ಕ ಮುವೊನಿಯೊನಲುಸ್ತಾ ಎಂಬ ಕಬ್ಬಿಣದ ಉಲ್ಕೆ ನೋಡಲು ಚೆಂದ, ತುಕ್ಕಿಗೆ ಕುಖ್ಯಾತ. ನೆಲದಲ್ಲಿದ್ದಾಗ ಬಿರುಕುಗಳಿಗೆ ಇಳಿದ ಕ್ಲೋರೈಡು, ಅಂದರೆ ಉಪ್ಪಿನಲ್ಲಿರುವ ಅಂಶ, ತೇವ ಸಿಕ್ಕೊಡನೆ ಕಬ್ಬಿಣವನ್ನು ಕೆಡಿಸುತ್ತದೆ, ಬಿಡುಗಡೆಯಾಗಿ ಮತ್ತೆ ಪಕ್ಕದ ಕಬ್ಬಿಣಕ್ಕೆ ಕೈಹಾಕುತ್ತದೆ. ಮೇಲಿಂದ ಉಜ್ಜಿದರೆ ಕಲೆ ಹೋಗುತ್ತದೆ, ಕಾಯಿಲೆ ಹೋಗುವುದಿಲ್ಲ. ನಲ್ಲಿ ನೀರು ತಾಗಿಸಲೇಬೇಡಿ. 99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ತೆಳುವಾಗಿ ಮಿನರಲ್ ಆಯಿಲ್ ಸವರಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿಗೆ ತಿರುಗಿದರೆ ಬದಲಾಯಿಸಿ. ಮಳೆಗಾಲದಲ್ಲಿ ಮಂಗಳೂರು ಕಡೆಯವರು ದಿನಾ ಇಣುಕಿದರೂ ತಪ್ಪಿಲ್ಲ.

ಬರಿಗೈಯಲ್ಲಿ ಮುಟ್ಟಬೇಡಿ, ಬೆವರಲ್ಲೂ ಉಪ್ಪಿದೆ. ಇದನ್ನೇ ಉಂಗುರ ಮಾಡಿಸಿ ಬೆರಳಿಗೆ ಹಾಕಿಕೊಳ್ಳುವವರಿಗೆ ಏನು ಹೇಳಬೇಕೋ, ನೀವೇ ಹೇಳಿ.